ಕೊಸರು

ಸಮುದ್ರದ ಮಂಜು ಡಂಡೀ ಊರಿಗೆ ನುಗ್ಗಿದ ದಿನ
ಬಸ್ಸಿನ ನಂಬರೂ ಕಾಣುವುದಿಲ್ಲ.
ಆದರೂ ಮಂಗಳವಾರ, ಒಂಬತ್ತೂವರೆಗೆ ಸರಿಯಾಗಿ
ಬೆಕ್ಕುಗಳ ಅಂಗಡಿಯ ಬಾಗಿಲಲ್ಲಿರುತ್ತೇನೆ.
ಬೆಕ್ಕು ಮಾರುವುದಿಲ್ಲ ಅಲ್ಲಿ;
ದಿಕ್ಕಿಲ್ಲದ ಬೆಕ್ಕುಗಳ ಹಾಲಿಗೆಂದು
ಊರವರು ಕೊಟ್ಟ ಹಳೆ ಸಾಮಾನು ಮಾರುತ್ತಾರೆ.
ಪಕ್ಕದ್ದು ಹೃದ್ರೋಗಿಗಳದು.
ಸಮುದ್ರದ ಕಡೆ ಹೋದರೆ
ಮುಳುಗುವವರನ್ನು ಎತ್ತುವ ದೋಣಿಯದು.
ನಲವತ್ತು ವರ್ಷ ಶಾಲೆಗಳ ಬಾಯ್ಲರು ಬಿಚ್ಚಿದ ಈ ಕೈ
ಈಗ ಎಲ್ಲರಿಗೂ ಮಹಾದಾನಿ:
ಐವತ್ತು ಪೆನ್ನಿಗೆ ಒಂದು ಸೀಡಿ, ಪೌಂಡಿಗೆ ಮೂರು.

ಮೂರನೆಯದು ಕೊಸರು.
ಕೊಸರಿಗಾಗಿಯೇ ಮೊದಲೆರಡನ್ನು ಕೊಳ್ಳುವುದು.

ಟಕ್ ಟಕ್ ಟಕ್, ಬೆರಳು ನಡೆಯುತ್ತದೆ ಡಬ್ಬಿಗಳ ಮೇಲೆ.
ಕ್ರಿಸ್‌ಮಸ್, ಕ್ರಿಸ್‌ಮಸ್, ಹೊಟ್ಟೆ ಕರಗಿಸುವ ವ್ಯಾಯಾಮ,
ಭಾನುವಾರದ ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು,
ಮತ್ತೆ ಕ್ರಿಸ್‌ಮಸ್.
ಬೆರಳು ತಟ್ಟನೆ ನಿಂತರೆ
ಕಣ್ಣಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ.

ಇಷ್‌ಬೆಲ್ ಕ್ರಾಂಬಿ ನನಗಿಂತ ಐದು ನಿಮಿಷ ಮುಂಚೆ, ಯಾವಾಗಲೂ.
ಊದುವುದೆಲ್ಲ ಅವಳಿಗೆ, ತಂತಿಯದೆಲ್ಲ ನನಗೆ,
ಬರೆದಿಡದ ಕರಾರು.
ಪಿಯಾನೊ ಮಾತ್ರ ಮೊದಲು ಮುಟ್ಟಿದವರದು;
ಒಮ್ಮೆ ಅದಕ್ಕೇ ಮೊಣಕೈ ತಗುಲಿ
ಮೂರು ವಾರ ಮಾತು ಬಿಟ್ಟಿದ್ದೆವು.

ಹೋದ ಚಳಿಗಾಲ ಸಿಕ್ಕಿತು ಆ ಸೆಲ್ಲೋ.
ಯಾರೋ ಹಂಗೇರಿಯ ಮುದುಕಿ
ತಣ್ಣನೆಯ ಚರ್ಚಿನಲ್ಲಿ ಒಂದೇ ರಾತ್ರಿ ನುಡಿಸಿದ್ದು.
ಹನ್ನೊಂದು ವರ್ಷ ಹುಡುಕಿದ್ದೆ.
ಅವಳ ಹಣೆಯ ಮೇಲೇ ಬೆಲೆಯ ಚೀಟಿ ಅಂಟಿಸಿದ್ದರು.
ಕೈ ನಡುಗಿ, ಯಾರಾದರೂ ಕಸಿದಾರೆಂದು ಹೆದರಿ,
ಡಬ್ಬಿ ತೆರೆದು ನೋಡದೆ ದುಡ್ಡು ಕೊಟ್ಟೆ.
ಅಂಥ ತಪ್ಪನ್ನು ಹೊಸಬರೂ ಮಾಡುವುದಿಲ್ಲ.

ಮನೆಗೆ ಬಂದು, ಕೇಶ ಒಣಗಿಸುವ ಯಂತ್ರದ ಬಿಸಿಗಾಳಿಯಲ್ಲಿ
ಚೀಟಿ ಎಬ್ಬಿಸಿ, ಹಣೆ ಒರೆಸಿ,
ದೀಪ ಆರಿಸಿ, ಕಣ್ಣು ಮುಚ್ಚಿ, ಗುಂಡಿ ಒತ್ತಿದರೆ
ಕೂಊಊ!
ಚುಕುಬುಕು ಚುಕುಬುಕು.
ಹಬೆ ಎಂಜಿನುಗಳ ಸದ್ದು, ಐವತ್ತೆಂಟು ನಿಮಿಷ.
ಅಡುಗೆಮನೆಯಿಂದ ಯೂನಿಸ್ ಕೂಗಿದಳು:
"ನಿನ್ನ ಸೆಲ್ಲೋಗೆ ಕಲ್ಲಿದ್ದಲು ಸಾಲದೇನೋ!"

ರಾತ್ರಿಯೆಲ್ಲ ಒಂದೇ ಲೆಕ್ಕ.
ಎಂಜಿನು ಇಲ್ಲಿಗೆ ಬಂದಿದೆ ಎಂದರೆ
ಎಂಜಿನಿನ ಡಬ್ಬಿಯಲ್ಲಿ ಸೆಲ್ಲೋ ಇರಬೇಕು.
ಎಲ್ಲೋ ಒಬ್ಬ ರೈಲುಹುಚ್ಚ
ಕೂತಿರಬೇಕು ಪೆಚ್ಚಾಗಿ,
ಸೀಟಿಗಾಗಿ ಕಾದು ಕಾದು
ಆ ಮುದುಕಿಯ ಅಳು ಕೇಳುತ್ತಾ.

ವಯಸ್ಸಾದವರಿಗೆ ಬಸ್ಸು ಬಿಟ್ಟಿ. ಪರ್ತ್‌ಗೆ ಹೋದೆ,
ಆರ್ಬ್ರೋತ್‌ಗೆ, ಮಾಂಟ್ರೋಸ್‌ಗೆ ಎರಡು ಸಲ.
ಹೋದಲ್ಲೆಲ್ಲ ಕೊಸರಿನ ಮೇಲೆ ಕೊಸರು.
ಎರಡು ವೀಣೆಯಂಥ ಲ್ಯೂಟು,
ಬಿರುಕು ಬಿಟ್ಟ ಡಬ್ಬಿಯಲ್ಲಿ ಬಿರುಕಿಲ್ಲದ ಪಿಟೀಲು,
ಒಂದು ಸಿಪ್ಪೆ ಸುಲಿಯದ ಹೊಚ್ಚಹೊಸ ವಿಯೋಲ!
ಯೂನಿಸ್ ಬಟ್ಟೆಯ ಬೀರುವನ್ನೂ ಬಿಟ್ಟುಕೊಟ್ಟಳು.
ಸೆಲ್ಲೋ ಮಾತ್ರ ಎಲ್ಲೋ.

ಮಾರ್ಚಿನಲ್ಲಿ, ದೋಣಿಯ ಅಂಗಡಿಯಲ್ಲಿ,
ಇಷ್‌ಬೆಲ್ ನಿಂತಿದ್ದಳು ಕೋಟೂ ಬಿಚ್ಚದೆ.
ಕೈಯಲ್ಲಿ ಹಬೆ ಎಂಜಿನಿನ ಚಿತ್ರ.
ಕೊಂಡಿರಲಿಲ್ಲ, ತೆರೆದಿರಲಿಲ್ಲ.
ಇಪ್ಪತ್ತು ನಿಮಿಷದಿಂದ ಹಾಗೇ, ಎಂದ ಗಲ್ಲಾದ ಹುಡುಗ.
"ಊದುವುದು ಅಂತ ನನ್ನ ಪಾಲಿಗೆ ಬರಬೇಕು," ಎಂದಳು,
"ಸೀಟಿ ಊದುತ್ತಲ್ಲ.
ಆದರೂ ನೀನೇ ತೆಗಿ."

ತೆಗೆದೆ.
'ಗೇಲಿಕ್ ಕಲಿಯಿರಿ: ಪಾಠ ಏಳರಿಂದ ಹನ್ನೆರಡು.'

ಮೊದಲು ನಕ್ಕವಳು ಅವಳು.
ಆಮೇಲೆ ಹುಡುಗ, ಯಾಕೆಂದು ತಿಳಿಯದೆ.
ನಾನು ಕನ್ನಡಕ ತೆಗೆದು ಒರೆಸಿಕೊಂಡು
ಮಾಮೂಲಿನಂತೆ ಚೌಕಾಸಿಗೆ ನಿಂತೆ:
ಒಳಗಿನದೇ ಬೇರೆ ಇದೆಯಪ್ಪ, ಅರ್ಧಕ್ಕೆ ಕೊಡು.

ಈಗ ನನಗೆ ಗೇಲಿಕ್‌ನಲ್ಲಿ
"ಈ ಮೀನು ಎಷ್ಟಕ್ಕೆ" ಎಂದು ಕೇಳಲು ಬರುತ್ತದೆ,
"ಅಷ್ಟೊಂದೇ?" ಎನ್ನಲೂ.
"ನಮಸ್ಕಾರ" ಮಾತ್ರ ಬರುವುದಿಲ್ಲ.
ಅದು ಮೊದಲನೆಯ ಪಾಠದಲ್ಲಿರಬೇಕು.
ಇಷ್‌ಬೆಲ್ ಗುರುವಾರ ಪರ್ತ್ ಕಡೆ ನೋಡುತ್ತೇನೆ ಎಂದಿದ್ದಾಳೆ.